ಬ್ರೇಕ್ ಪೆಡಲ್ ಮೆಲ್ಲಗೆ ಇಳೀತಾ ಹೋಗುತ್ತೆ, ಆಯಿಲ್ ಮಾತ್ರ ಕಮ್ಮಿ ಆಗಿಲ್ಲ, ಬೂಸ್ಟರ್ ಹಾಕಿಸ್ಬೇಕಾ?

ನೂರು ಬಾಕ್ಸ್, ಕೋಲಾರ

ಎಲ್ರಿಗೂ ನಮಸ್ಕಾರ. ಶ್ರೀನಿವಾಸಪುರದ ಕಡೆ ಹಳ್ಳಿ ನಮ್ದು. ಮನೇಲಿ ಒಂದು ಪಿಕಪ್ ಇದೆ, 2013 ಮಾಡೆಲ್, ಒಂದೂವರೆ ಟನ್‌ದು. ಯಾವ ಕಂಪನಿ ಅಂತ ಬರೆಯಲ್ಲ, ಬರೆದ್ರೆ ನನ್ ಪ್ರಶ್ನೆ ಬಿಟ್ಟು ಕಂಪನಿ ಮೇಲೆ ಜಗಳ ಶುರು ಆಗುತ್ತೆ. ಮುಂದೆ ಡಿಸ್ಕು ಹಿಂದೆ ಡ್ರಮ್ಮು, ಎಬಿಎಸ್ ಇಲ್ಲ. ಸೀಸನ್ ಬಂದ್ರೆ ದಿನಾ ಟೊಮೇಟೊ ತುಂಬ್ಕೊಂಡು ಕೋಲಾರ ಎಪಿಎಂಸಿಗೆ ಹೋಗ್ಲೇಬೇಕು, ಗಾಡಿ ನಿಲ್ಸೋ ಹಾಗೇ ಇಲ್ಲ.

ವಿಷಯ ಏನಂದ್ರೆ ಒಂದು ಒಂದೂವರೆ ತಿಂಗಳಿಂದ ಬ್ರೇಕ್ ಒಂಥರಾ ಆಡ್ತಿದೆ. ಓಡೋವಾಗ ಜೋರಾಗಿ ಒತ್ತಿದ್ರೆ ಹಿಡಿಯುತ್ತೆ, ಏನೂ ಗೊತ್ತಾಗಲ್ಲ. ಆದ್ರೆ ಮಾರ್ಕೆಟ್ ಗೇಟ್ ಹತ್ರ ಕ್ಯೂನಲ್ಲಿ, ಇಲ್ಲಾ ಕ್ಲಾಕ್ ಟವರ್ ಹತ್ರ ಟ್ರಾಫಿಕ್ಕಲ್ಲಿ ಸುಮ್ನೆ ಕಾಲು ಹಗುರಾಗಿ ಇಟ್ಕೊಂಡು ನಿಂತಿರ್ತೀವಲ್ಲ, ಆಗ ಪೆಡಲ್ ಮೆಲ್ಲಗೆ ಮೆಲ್ಲಗೆ ಕೆಳಗೆ ಇಳಿಯುತ್ತೆ, ಕೆಸರುಗದ್ದೇಲಿ ಕಾಲು ಹೂತ್ಕೊಂಡ ಹಾಗೆ. ಪೂರ್ತಿ ಇಳಿದ್ಮೇಲೆ ಗಾಡಿ ಮುಂದಕ್ಕೆ ಜಾರುತ್ತೆ. ಬಿಟ್ಟು ಇನ್ನೊಂದು ಸಲ ಒತ್ತಿದ್ರೆ ಮತ್ತೆ ಮೇಲೇ ಸಿಗುತ್ತೆ. ಮೊನ್ನೆ ಹಂಗೇ ಜಾರಿ ಮುಂದಿದ್ದ ಗಾಡಿ ಡಾಲಾಗೆ ತಾಗಿಸ್ಬಿಟ್ಟೆ, ಅವ್ನು ಇಳಿದು ಬಂದು ತೆಲುಗಲ್ಲಿ ಬೈದಿದ್ದು ಇಲ್ಲಿ ಬರೆಯಂಗಿಲ್ಲ.

ಎರಡು ತಿಂಗಳ ಹಿಂದೆ ಹಿಂದಿನ ಶೂ (ಡ್ರಮ್ ಒಳಗೆ ಉಜ್ಜಿ ಚಕ್ರ ನಿಲ್ಸೋ ಪಟ್ಟಿ) ಹೊಸದು ಹಾಕ್ಸಿದ್ದೆ, ಅವಾಗ್ಲೇ ಬ್ರೇಕ್ ಆಯಿಲ್ ಕೂಡ ಹೊಸದು ಹಾಕಿ ಲೈನ್ ಒಳಗಿನ ಏರ್ (ಗಾಳಿ) ತೆಗೆದ್ರು. ಈ ತೊಂದ್ರೆ ಬಂದ್ಮೇಲೆ ಮತ್ತೆ ಎರಡು ಸಲ ಏರ್ ತೆಗೆಸಿದ್ದಾಯ್ತು. ಎರಡು ದಿನ ಪರವಾಗಿಲ್ಲ ಅನ್ಸುತ್ತೆ, ಮೂರನೇ ದಿನ ಅದೇ ಕಥೆ. ಬ್ರೇಕ್ ಆಯಿಲ್ ಡಬ್ಬೀಲಿ ಲೆವೆಲ್ ಮಾತ್ರ ಗೆರೆ ಬಿಟ್ಟು ಇಳಿದೇ ಇಲ್ಲ, ಎಲ್ಲೂ ಸೋರ್ತಿಲ್ಲ. ಈಗ ಗ್ಯಾರೇಜ್‌ನವ್ರು ಬೂಸ್ಟರ್ (ಕಾಲಿನ ಒತ್ತಡ ಜಾಸ್ತಿ ಮಾಡಿ ಕೊಡೋ ಸಾಮಾನು) ಹೋಗಿದೆ, ಬದಲಾಯಿಸ್ಬೇಕು ಅಂತಿದಾರೆ, ಅವ್ರು ಹೇಳಿದ ರೇಟು ಕೇಳಿ ನಂಗೇ ಬ್ರೇಕ್ ಬಿತ್ತು. ಅಪ್ಪ ನೋಡಿದ್ರೆ "ಹಳೇ ಗಾಡಿ ಎಲ್ಲಾ ಹಂಗೇ ಕಣೋ, ಎರಡು ಸಲ ಪಂಪ್ ಮಾಡ್ಕೊಂಡು ಓಡ್ಸು" ಅಂತಾರೆ. ಗೊತ್ತಿರೋರು ಹೇಳಿ, ಬೂಸ್ಟರ್ ಹಾಕಿಸ್ಲಾ ಬೇಡ್ವಾ?

ಮಾಲೂರು ಮೈಲೇಜ್

ಏರ್ ಗುರು ಅದು, ನೂರಕ್ಕೆ ನೂರು. ನಿಮ್ಮ ಗ್ಯಾರೇಜ್‌ನವ್ರು ಮುಂದಿನಿಂದ ಶುರು ಮಾಡಿರ್ತಾರೆ. ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳೋ ಸಾಮಾನು) ದೂರ ಇರೋ ಚಕ್ರದಲ್ಲಿ ಮೊದ್ಲು ಏರ್ ತೆಗೀಬೇಕು, ನಮ್ಮ ಗಾಡಿಗಳಲ್ಲಿ ಮಾಸ್ಟರ್ ಡ್ರೈವರ್ ಸೈಡಲ್ಲಿ ಇರುತ್ತೆ ಅಂದ್ರೆ ಹಿಂದಿನ ಎಡಗಡೆ ಚಕ್ರ ಫಸ್ಟು, ಆಮೇಲೆ ಹಿಂದಿನ ಬಲ, ಆಮೇಲೆ ಮುಂದಿನ ಎಡ, ಕೊನೇಗೆ ಮುಂದಿನ ಬಲ. ಇನ್ನೊಂದು ಸಲ ಸರಿಯಾಗಿ ತೆಗೆಸಿ, ಕಲ್ಲು ಥರ ಆಗುತ್ತೆ.

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ಮಾಲೂರು ಅಣ್ಣ ಹೇಳಿದ ವರಸೆ ಸರಿ, ಆದ್ರೆ ಕಾಯಿಲೆ ಅದಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಚಕ್ರದ ಕೆಳಗೇ ಇರೋನು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ, ಇವತ್ತು ಕರೆಂಟ್ ಇಲ್ಲ ಅಂಗ್ಡೀಲಿ ಬೇರೆ ಕೆಲ್ಸನೂ ಇಲ್ಲ.

ಗಾಡಿ ತರೋರು ಎಲ್ರೂ "ಬ್ರೇಕ್ ಮೆತ್ತಗಾಗೈತೆ" ಅಂತ ಒಂದೇ ಮಾತು ಹೇಳ್ತಾರೆ. ಅದ್ರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಸೇರ್ಕೊಂಡೈತೆ. ಒಂದು, ಒತ್ತಿದ್ರೆ ಹಸೀ ರಬ್ಬರ್ ಬಾಲ್ ಒತ್ತಿದಂಗೆ ಪುಸಪುಸ ಅನ್ನೋದು, ಅದು ಏರ್. ಎಣ್ಣೆ ಕುಗ್ಗಲ್ಲ, ಗಾಳಿ ಕುಗ್ತದೆ, ಅಷ್ಟೇ ಲೆಕ್ಕ. ಆದ್ರೆ ಏರ್ ಇದ್ರೆ ಪೆಡಲ್ ಎಲ್ಲೋ ಒಂದು ಕಡೆ ಹೋಗಿ ನಿಂತ್ಕೊಳ್ತದೆ, ಅಲ್ಲಿಂದ ಮುಂದಕ್ಕೆ ಇಳ್ಕೊಂಡೇ ಹೋಗಲ್ಲ. ಎರಡನೇದು, ಪೆಡಲ್ ಗಟ್ಟಿಯಾಗೇ ಐತೆ ಆದ್ರೆ ತುಂಬಾ ಕೆಳಗೆ ಸಿಗ್ತದೆ, ಎರಡನೇ ಸಲ ಒತ್ತಿದ್ರೆ ಮೇಲೆ ಸಿಗ್ತದೆ, ಇದು ಬಹಳ ಸಲ ಹಿಂದಿನ ಶೂಗೂ ಡ್ರಮ್‌ಗೂ ಗ್ಯಾಪ್ ಜಾಸ್ತಿ ಆಗಿರೋದು. ಮೂರನೇದು ನಿಮ್ದು, ಒತ್ಕೊಂಡು ಸುಮ್ನೆ ಕೂತಿದ್ರೂ ಇಳೀತಾ ಇರೋದು. ಎಣ್ಣೆ ಎಲ್ಲೋ ತಪ್ಪಿಸ್ಕೊಂಡು ಹೋಗ್ತೈತೆ ಅಂತ ಅರ್ಥ. ಹೊರಗೆ ಸೋರಿದ್ರೆ ಡಬ್ಬೀಲಿ ಕಮ್ಮಿ ಆಗ್ಬೇಕು. ಕಮ್ಮಿ ಆಗ್ತಿಲ್ಲ ಅಂದ್ರೆ ಒಳಗೇ ಸೋರ್ತೈತೆ, ಅಂದ್ರೆ ಮಾಸ್ಟರ್ ಸಿಲಿಂಡರ್ ಒಳಗಿರೋ ರಬ್ಬರ್ ಕಪ್ಪು ದಾಟ್ಕೊಂಡು ಎಣ್ಣೆ ವಾಪಸ್ ಡಬ್ಬಿಗೇ ಹೋಗ್ತೈತೆ. ಮನೆ ದುಡ್ಡು ಮನೇಲೇ ಕಳ್ಳತನ ಆದಂಗೆ, ಲೆಕ್ಕಕ್ಕೆ ಸಿಗಲ್ಲ.

ಜೋರಾಗಿ ಒತ್ತಿದ್ರೆ ಹಿಡೀತದೆ, ಹಗುರಾಗಿ ಇಟ್ರೆ ಇಳೀತದೆ ಅಂದ್ರಲ್ಲ, ನನಗೆ ಅದೇ ಸಾಕಾಗಿತ್ತು. ಆ ಕಪ್ಪಿಗೆ ತೆಳ್ಳಗೆ ತುಟಿ ಇರ್ತದೆ. ಜೋರಾಗಿ ಒತ್ತಿದಾಗ ಎಣ್ಣೆ ಪ್ರೆಶರ್‌ಗೆ ತುಟಿ ಅಗಲಿಸ್ಕೊಂಡು ಸಿಲಿಂಡರ್ ಗೋಡೆಗೆ ಅಂಟ್ಕೊಳ್ತದೆ, ಹಂಗಾಗಿ ಸೀಲ್ ಆಗ್ತದೆ. ಹಗುರಾಗಿ ಒತ್ತಿದಾಗ ಅಷ್ಟು ಪ್ರೆಶರ್ ಇಲ್ಲ, ಸವೆದಿರೋ ತುಟಿ ಪಕ್ಕದಲ್ಲಿ ಎಣ್ಣೆ ನುಸುಳ್ತದೆ. ಅದಕ್ಕೇ ಗ್ಯಾರೇಜ್‌ನವ್ರು ಟ್ರಯಲ್ ನೋಡುವಾಗ ಗೊತ್ತಾಗಲ್ಲ, ಅವ್ರು ಕೂತ ತಕ್ಷಣ ದಬಾರ್ ಅಂತ ತುಳೀತಾರೆ, ಸರಿಗೈತಲ್ಲ ಸಾರ್ ಅಂತಾರೆ.

ಬೂಸ್ಟರ್ ಮಾತು ಬಿಡಿ. ಬೂಸ್ಟರ್ ಹೋದ್ರೆ ಪೆಡಲ್ ಕಲ್ಲಾಗ್ತದೆ, ಎರಡು ಕಾಲು ಹಾಕಿ ಒತ್ಬೇಕಾಗ್ತದೆ. ಮೆತ್ತಗಾಗಲ್ಲ. ನಂಬಿಕೆ ಇಲ್ದಿದ್ರೆ ನೀವೇ ನೋಡಿ. ಇಂಜಿನ್ ಆಫ್ ಮಾಡಿ ಐದಾರು ಸಲ ಪಂಪ್ ಮಾಡಿ, ಒಳಗಿರೋ ವ್ಯಾಕ್ಯೂಮ್ ಖಾಲಿ ಆಗಿ ಪೆಡಲ್ ಗಟ್ಟಿ ಆಗ್ತದೆ. ಕಾಲು ಹಂಗೇ ಒತ್ತಿಟ್ಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗೆ ಕುಸಿದು ನಿಂತ್ರೆ ಬೂಸ್ಟರ್ ಕೆಲ್ಸ ಮಾಡ್ತೈತೆ ಅಂತ. ಇದನ್ನೇ ಎಷ್ಟೋ ಜನ "ಸ್ಟಾರ್ಟ್ ಮಾಡಿದ್ರೆ ಬ್ರೇಕ್ ಇಳೀತದೆ" ಅಂತ ಹೆದರ್ಕೊಂಡು ಬರ್ತಾರೆ, ಅದು ಇರಬೇಕಾಗಿರೋದೇ.

ಇನ್ನು ಮಾಸ್ಟರ್ ಟೆಸ್ಟು. ಇಂಜಿನ್ ಆಫಲ್ಲೇ, ಪಂಪ್ ಮಾಡಿದ್ಮೇಲೆ, ಒಂದು ನಿಮಿಷ ಹಗುರಾಗಿ ಕಾಲಿಟ್ಟು ಹಿಡ್ಕೊಳಿ. ಆಮೇಲೆ ಒಂದು ನಿಮಿಷ ಜೋರಾಗಿ. ಎರಡೂ ಬರ್ದಿಟ್ಕೊಳಿ. ಆಮೇಲೆ ಯಾರನ್ನಾದ್ರೂ ಕೂರ್ಸಿ ಪೆಡಲ್ ಹಗುರಾಗಿ ಒತ್ಸಿ, ನೀವು ಡಬ್ಬಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಮೊದ್ಲು ಒತ್ತಿದ ತಕ್ಷಣ ಒಂದು ಸಣ್ಣ ಬುಗ್ಗೆ ಏಳ್ತದೆ, ಅದು ಸರಿ, ಅದಕ್ಕೆ ಹೆದರ್ಬೇಡಿ (ಮುಖ ತುಂಬಾ ಬಗ್ಗಿಸ್ಬೇಡಿ, ಕಣ್ಣಿಗೆ ಹಾರ್ತದೆ, ಪೇಂಟ್ ಮೇಲೆ ಬಿದ್ರೆ ಪೇಂಟ್ ಕಿತ್ತು ಬರ್ತದೆ). ಆಮೇಲೂ ಪೆಡಲ್ ಇಳೀತಿದ್ದಷ್ಟು ಹೊತ್ತೂ ಎಣ್ಣೆ ಒಳಗೆ ಸಣ್ಣಗೆ ಸುಳಿ ಸುತ್ತಾ ಇದ್ರೆ ಮಾಸ್ಟರ್ ಕಥೆ ಮುಗೀತು.

ಅದಕ್ಕೂ ಮೊದ್ಲು ಹಿಂದಿನ ಡ್ರಮ್ ಎರಡೂ ಬಿಚ್ಚಿ, ಒಳಗೆ ಶೂನ ತಳ್ಳೋ ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆ ಇದ್ರೆ ಅದೂ ಹೊರಟೈತೆ ಅಂತ. ಹೊರಗೆ ಹನಿ ಬೀಳೋವರೆಗೂ ಕಾಯೋ ಹಂಗಿಲ್ಲ, ಅಲ್ಲಿ ಧೂಳು ಕುಡ್ಕೊಂಡು ಕಪ್ಪಗೆ ಹಿಟ್ಟಿನಂಗೆ ಆಗಿರ್ತದೆ.

ಒಂದು ಪ್ರಶ್ನೆ. ಶೂ ಹಾಕ್ದಾಗ ಏರ್ ತೆಗೆದ್ರು ಅಂದ್ರಲ್ಲ, ಪೆಡಲ್ ತುಳಿದಿದ್ದು ಯಾರು? ಎಷ್ಟು ಆಳಕ್ಕೆ ತುಳಿದ್ರು?

ಮತ್ತೆ ಟೆಸ್ಟ್ ಆಗೋವರೆಗೂ ಲೋಡ್ ಹಾಕ್ಬೇಡಿ. ಅಪ್ಪಂಗೆ ಹೇಳಿ, ಪಂಪ್ ಮಾಡ್ಕೊಂಡು ಓಡ್ಸೋಕೆ ಅದು ಬೋರ್‌ವೆಲ್ ಅಲ್ಲ ಅಂತ.

ಕ್ಯಾತ್ಸಂದ್ರ ಕ್ಯೂ, ತುಮಕೂರು

ಚಿಂತಾಮಣಿ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಸಾಕ್ಷಿ ಹಾಕ್ತೀನಿ. ನಂದು ಹಳೇ ಕಾರು, ಟೋಲ್ ಕ್ಯೂನಲ್ಲಿ ಮೆಲ್ಲಗೆ ತೆವಳ್ತಾ ಇದ್ದಾಗಲೇ ಪೆಡಲ್ ಇಳೀತಿದ್ದಿದ್ದು, ಹೈವೇಲಿ ಬೆಂಗಳೂರಿಗೆ ಹೋಗಿ ಬಂದ್ರೂ ಏನೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ನನ್ನ ಕೇಸಲ್ಲಿ ಡಬ್ಬೀಲಿ ಆಯಿಲ್ ತಿಂಗಳಿಗೆ ಒಂದು ಬೆರಳು ಕಮ್ಮಿ ಆಗ್ತಿತ್ತು, ನಾಲ್ಕು ಚಕ್ರದ ಹತ್ರಾನೂ ಒಣ ಒಣ. ಮೂರು ಕಡೆ ತೋರಿಸ್ದೆ, ಮೂರು ಕಡೇನೂ ಟಾಪ್ ಅಪ್ ಮಾಡಿ ಕಳಿಸಿದ್ರು. ಕೊನೇಗೆ ಒಬ್ಬ ವಯಸ್ಸಾದ ಮೇಸ್ತ್ರಿ ಮಾಸ್ಟರ್‌ನ ಎರಡು ನಟ್ ಬಿಚ್ಚಿ ಮುಂದಕ್ಕೆ ಎಳೆದ್ರು ಅಷ್ಟೇ, ಬೂಸ್ಟರ್ ಬಾಯಿಂದ ಕಾಫಿ ಡಿಕಾಕ್ಷನ್ ಥರ ಆಯಿಲ್ ಸುರೀತು. ಮಾಸ್ಟರ್‌ನ ಹಿಂದಿನ ಸೀಲ್ ಹೋಗಿ ಎಲ್ಲಾ ಬೂಸ್ಟರ್ ಒಳಗೆ ಶೇಖರಣೆ ಆಗ್ತಿತ್ತು, ಹೊರಗೆ ಒಂದು ಹನಿ ಕಾಣ್ತಿರ್ಲಿಲ್ಲ. ಅಷ್ಟರಲ್ಲಿ ಬೂಸ್ಟರ್ ಒಳಗಿನ ರಬ್ಬರ್ ಕೂಡ ಊದಿ ಕೆಟ್ಟಿತ್ತು, ಎರಡಕ್ಕೂ ದುಡ್ಡು ಬಿತ್ತು. ಮೊದಲನೇ ದಿನವೇ ಎರಡು ನಟ್ ಬಿಚ್ಚಿದ್ರೆ ಒಂದರಲ್ಲಿ ಮುಗೀತಿತ್ತು.

ಹಂಗಾಗಿ ನೂರು ಬಾಕ್ಸ್ ಅವ್ರೇ, ಮಾಸ್ಟರ್ ಬೂಸ್ಟರ್ ಸೇರೋ ಜಾಗದ ಕೆಳಗೆ ಬೆರಳು ಹಾಕಿ ಒರೆಸಿ ನೋಡಿ. ಪೆಡಲ್ ಮೇಲ್ಗಡೆ ಮ್ಯಾಟ್ ಹತ್ರನೂ ನೋಡಿ, ಕೆಲವು ಗಾಡೀಲಿ ಅಲ್ಲಿಗೂ ಇಳಿದು ಬರುತ್ತೆ.

ಹಳೇ ಹುಲಿ

ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೊಳ್ತೀರಪ್ಪಾ. ನಮ್ಮ ಕಾಲದಲ್ಲಿ ಬ್ರೇಕ್ ಆಯಿಲ್‌ಗೆ ಒಂಚೂರು ಇಂಜಿನ್ ಆಯಿಲ್ ಬೆರೆಸ್ತಿದ್ವಿ, ರಬ್ಬರ್ ಊದ್ಕೊಂಡು ಟೈಟ್ ಆಗ್ತಿತ್ತು, ಆರಾಮಾಗಿ ವರ್ಷ ಓಡ್ತಿತ್ತು.

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ಹುಲಿ ಅಣ್ಣಾ ಕೈ ಮುಗೀತೀನಿ, ಇದನ್ನ ಓದಿ ಯಾರಾದ್ರೂ ಮಾಡಿಬಿಡ್ತಾರೆ. ಊದೋದು ನಿಜ, ಊದಿ ಅಷ್ಟಕ್ಕೇ ನಿಲ್ಲಲ್ವಲ್ಲ. ಮಾಸ್ಟರ್ ಕಪ್ಪು, ಡಿಸ್ಕ್ ಹಿಡಿಯೋ ಕ್ಯಾಲಿಪರ್ ಸೀಲು, ವೀಲ್ ಸಿಲಿಂಡರ್ ಕಪ್ಪು, ಹೋಸ್ ಪೈಪು ಎಲ್ಲಾ ಊದ್ತದೆ. ಊದಿದ ಕಪ್ಪು ವಾಪಸ್ ಹೋಗೋ ತೂತು ಮುಚ್ಕೊಂಡು ಬ್ರೇಕ್ ಹಿಡ್ಕೊಂಡೇ ಇರ್ತದೆ, ಚಕ್ರ ಕಾದು ಹೊಗೆ ಬರ್ತದೆ. ಆಮೇಲೆ ರಬ್ಬರ್ ಇರೋ ಒಂದೊಂದು ಸಾಮಾನೂ ಬದಲಾಯಿಸ್ಬೇಕು, ಲೈನ್ ಎಲ್ಲಾ ತೊಳೀಬೇಕು. ನನ್ನ ಹತ್ರ ಹಿಂಗೆ ಬಂದಿದ್ದ ಗಾಡಿ ಡಬ್ಬಿ ಮುಚ್ಚಳದ ಒಳಗಿನ ರಬ್ಬರ್ ವಡೆ ಥರ ಉಬ್ಬಿತ್ತು, ಮುಚ್ಚಳ ಬಿಚ್ಚಿದ್ಮೇಲೆ ವಾಪಸ್ ಕೂರ್ಲೇ ಇಲ್ಲ. ಗುರುತಿಗೆ ಹೇಳ್ತೀನಿ, ನಿಮ್ಮ ಮುಚ್ಚಳದ ರಬ್ಬರ್ ಹಂಗೆ ಸೊಟ್ಟ ಉಬ್ಬಿದ್ರೆ ಯಾರೋ ಒಳಗೆ ಬೇರೆ ಎಣ್ಣೆ ಹಾಕವ್ರೆ ಅಂತ. ಸೀಲು ತೊಳೆಯೋಕೂ ಪೆಟ್ರೋಲು ಡೀಸೆಲ್ಲು ಮುಟ್ಟಿಸ್ಬಾರ್ದು, ಬ್ರೇಕ್ ಆಯಿಲ್‌ನಲ್ಲೇ ತೊಳೀಬೇಕು.

ನೂರು ಬಾಕ್ಸ್, ಕೋಲಾರ

ಅಣ್ಣಾ ಇವತ್ತು ಗಾಡಿ ನಿಲ್ಸಿ ಎಲ್ಲಾ ಮಾಡ್ದೆ. ಒಂದೊಂದಾಗಿ ಹೇಳ್ತೀನಿ.

ಬೂಸ್ಟರ್ ಟೆಸ್ಟಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಪೆಡಲ್ ಒಂದು ಬೆರಳು ಕುಸಿದು ನಿಂತ್ಕೊಳ್ತು. ಅಂದ್ರೆ ಬೂಸ್ಟರ್ ಸರಿ ಇದೆ ತಾನೇ. ಮಾಸ್ಟರ್ ಕೆಳಗೆ ಒರೆಸಿ ನೋಡ್ದೆ, ಒಣಗಿದೆ, ಮ್ಯಾಟ್ ಹತ್ರನೂ ಒಣಗಿದೆ.

ಇಂಜಿನ್ ಆಫ್ ಮಾಡಿ ಹಗುರಾಗಿ ಹಿಡ್ಕೊಂಡ್ರೆ ಮೊಬೈಲಲ್ಲಿ ಟೈಮ್ ನೋಡ್ದೆ, ನಲವತ್ತು ಸೆಕೆಂಡಿಗೆ ಪೂರ್ತಿ ಕೆಳಗೆ. ಜೋರಾಗಿ ಒತ್ತಿದ್ರೆ ಒಂದು ನಿಮಿಷಾನೂ ಅಲ್ಲಾಡ್ಲಿಲ್ಲ. ತಮ್ಮನ್ನ ಕೂರ್ಸಿ ಡಬ್ಬಿ ಒಳಗೆ ಟಾರ್ಚ್ ಬಿಟ್ಟೆ, ಮೊದ್ಲು ಬುಗ್ಗೆ ಬಂತು, ಆಮೇಲೆ ನಿಂತ್ಹೋಗುತ್ತೆ ಅಂದ್ಕೊಂಡೆ, ಇಲ್ಲ, ಒಂದು ಮೂಲೇಲಿ ಪಾಯಸಕ್ಕೆ ಚಮಚ ಆಡ್ಸಿದಂಗೆ ಎಣ್ಣೆ ತಿರುಗ್ತಾನೇ ಇತ್ತು. ಇಷ್ಟು ದಿನ ಮುಚ್ಚಳ ತೆಗೆದು ಲೆವೆಲ್ ನೋಡಿ ಮುಚ್ತಿದ್ದೆ ಅಷ್ಟೇ, ಯಾರನ್ನೂ ಒತ್ತಿಸಿ ನೋಡಿರ್ಲಿಲ್ಲ.

ಹಿಂದಿನ ಬಲಗಡೆ ಡ್ರಮ್ ಒಳಗೆ ಕ್ಲೀನು. ಎಡಗಡೆ ವೀಲ್ ಸಿಲಿಂಡರ್ ಟೋಪಿ ಎತ್ತಿದ್ರೆ ಬೆರಳಿಗೆ ಒದ್ದೆ ಹತ್ತು, ಕಪ್ಪಗೆ ಕಾಡಿಗೆ ಥರ. ಹನಿ ಬೀಳೋಷ್ಟು ಇಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಶೂ ಹಾಕಿದ ದಿನ ಗ್ಯಾರೇಜಲ್ಲಿ ಹುಡುಗ ಇರ್ಲಿಲ್ಲ, ಪೆಡಲ್ ತುಳಿದಿದ್ದು ನಾನೇ. "ಪೂರ್ತಿ ಒತ್ತು, ಪೂರ್ತಿ ಒತ್ತು" ಅಂತಿದ್ರು, ನಾನು ಫ್ಲೋರ್ ಮುಟ್ಟೋವರೆಗೂ ಧಡ್ ಧಡ್ ಅಂತ ತುಳಿದೆ. ಯಾಕೆ ಕೇಳಿದ್ರಿ, ಅದ್ರಿಂದ ಏನಾದ್ರೂ ಆಯ್ತಾ?

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ಆಯ್ತು ಸ್ವಾಮಿ, ಅದ್ರಿಂದಾನೇ ಆಗೈತೆ ಅಂತ ನನ್ ಲೆಕ್ಕ. ಹತ್ತು ವರ್ಷ ಓಡಿರೋ ಮಾಸ್ಟರ್‌ನಲ್ಲಿ ಪಿಸ್ಟನ್ ದಿನಾ ಅರ್ಧ ದೂರ ಅಷ್ಟೇ ಹೋಗಿ ಬರ್ತಿರ್ತದೆ. ಅಷ್ಟು ಜಾಗ ಕನ್ನಡಿ ಥರ ನುಣ್ಣಗೆ ಇರ್ತದೆ. ಅದ್ರಾಚೆ, ಪಿಸ್ಟನ್ ಯಾವತ್ತೂ ಹೋಗದೇ ಇರೋ ಕೊನೇ ಜಾಗದಲ್ಲಿ ಹತ್ತು ವರ್ಷದ ಜಿಡ್ಡು, ತುಕ್ಕು ಕೂತಿರ್ತದೆ, ಯಾಕಂದ್ರೆ ಬ್ರೇಕ್ ಆಯಿಲ್ ಗಾಳೀಲಿರೋ ತೇವ ಎಳ್ಕೊಳ್ತದೆ. ಏರ್ ತೆಗೆಯುವಾಗ ಚಕ್ರದ ಹತ್ರ ಏರ್ ಹೊರಗೆ ಬಿಡೋ ನಿಪ್ಪಲ್ ಲೂಸ್ ಇರ್ತದೆ, ಪೆಡಲ್‌ಗೆ ತಡೆ ಇಲ್ಲ, ಫ್ಲೋರ್‌ವರೆಗೂ ತುಳಿದ್ರೆ ಕಪ್ಪು ಹೋಗಿ ಆ ತುಕ್ಕಿನ ಮೇಲೆ ಉಜ್ತದೆ. ಹತ್ತು ಸಲ ಉಜ್ಜಿದ್ರೆ ತುಟಿ ಹರೀತು. ಅದಕ್ಕೇ ಹಳೇ ಗಾಡಿ ಏರ್ ತೆಗೆಯುವಾಗ ನಾವು ಪೆಡಲ್ ಕೆಳಗೆ ಒಂದು ಮರದ ತುಂಡು ಇಡ್ತೀವಿ, ಅದಕ್ಕಿಂತ ಕೆಳಗೆ ಹೋಗದಂಗೆ. ನಿಮ್ಮ ಕೇಸಲ್ಲಿ ಮೂರು ಸಲ ಏರ್ ತೆಗೆದವ್ರೆ, ಕಾಯಿಲೆಗೆ ಔಷಧಿ ಅಂತ ಕಾಯಿಲೇನೇ ಕುಡ್ಸವ್ರೆ. ಅಂದಂಗೆ ಬರೀ ಶೂ ಬದಲಾಯಿಸೋಕೆ ಲೈನ್ ಬಿಚ್ಚೋದೇ ಬೇಡ, ಏರ್ ಒಳಗೆ ಹೋಗೋ ದಾರೀನೇ ಇಲ್ಲ. ಆಯಿಲ್ ಹಳೇದಾಗಿತ್ತು ಅಂತ ಬದಲಾಯಿಸಿದ್ರೆ ಅದು ಒಳ್ಳೇದೇ, ತುಳಿಯೋ ರೀತಿ ಮಾತ್ರ ತಪ್ಪು.

ಈಗ ಮಾಸ್ಟರ್ ಪೂರ್ತಿ ಹೊಸದು ತಗೊಳಿ. ಕಿಟ್ (ಒಳಗಿನ ರಬ್ಬರ್ ಮಾತ್ರ ಹೊಸದು) ಹಾಕ್ತೀನಿ ಅರ್ಧ ದುಡ್ಡಲ್ಲಿ ಮುಗಿಸ್ತೀನಿ ಅನ್ನೋರು ಸಿಗ್ತಾರೆ. ಒಳಗೆ ಗೀರು ಬಿದ್ದಿದ್ರೆ ಹೊಸ ಕಪ್ಪನ್ನೂ ಅದು ತಿಂದುಹಾಕ್ತದೆ. ಅಲ್ಯೂಮಿನಿಯಂ ಬಾಡಿ ಆದ್ರೆ ಒಳಗೆ ಎಮರಿ ಹಾಕಿ ಉಜ್ಜೋದಂತೂ ಬೇಡವೇ ಬೇಡ, ಮೇಲಿನ ಗಟ್ಟಿ ಪದರ ಹೋಗ್ಬಿಡ್ತದೆ. ಹಿಂದಿನ ವೀಲ್ ಸಿಲಿಂಡರ್ ಎಡಗಡೇದು ಒಂದೇ ಹೋಗಿದ್ರೂ ಎರಡೂ ಹಾಕ್ಸಿ, ಇನ್ನೊಂದೂ ಅದ್ರ ಜೊತೇಲೇ ಹುಟ್ಟಿರೋದು. ಎಣ್ಣೆ ಕುಡ್ದಿರೋ ಶೂ ಇದ್ರೆ ತೊಳೆದು ಹಾಕೋದು ಬೇಡ, ಎಡಗಡೆ ಶೂ ಚೆನ್ನಾಗಿ ನೋಡಿ.

ಹಾಕೋರಿಗೆ ಮೂರು ಮಾತು ಹೇಳಿ. ಹೊಸ ಮಾಸ್ಟರ್‌ನ ಗಾಡಿಗೆ ಹಾಕೋ ಮೊದ್ಲು ವೈಸ್‌ಗೆ ಕಟ್ಟಿ, ಎರಡು ಪೈಪ್ ಡಬ್ಬಿ ಒಳಗೇ ವಾಪಸ್ ಬಿಟ್ಟು, ಸಣ್ಣ ಸಣ್ಣಗೆ ಒತ್ತಿ ಗುಳ್ಳೆ ಪೂರ್ತಿ ನಿಲ್ಲೋವರೆಗೂ ಏರ್ ತೆಗೀಬೇಕು. ಒಣ ಮಾಸ್ಟರ್ ಹಂಗೇ ಹಾಕಿದ್ರೆ ಒಳಗಿನ ಏರ್ ತೆಗೆಯೋಕೆ ದಿನ ಎಲ್ಲಾ ಹೋಗ್ತದೆ. ಎರಡನೇದು, ಬೂಸ್ಟರ್‌ನ ಕಡ್ಡಿಗೂ ಮಾಸ್ಟರ್ ಪಿಸ್ಟನ್‌ಗೂ ಕೂದಲೆಳೆ ಗ್ಯಾಪ್ ಇರ್ಬೇಕು. ಹಳೇ ಮಾಸ್ಟರ್ ಹೊಸ ಮಾಸ್ಟರ್ ಪಕ್ಕ ಪಕ್ಕ ಇಟ್ಟು ಪಿಸ್ಟನ್ ಆಳ ಅಳೆದು ನೋಡ್ಲಿ. ಕಡ್ಡಿ ಉದ್ದ ಆದ್ರೆ ಬ್ರೇಕ್ ಹಿಡ್ಕೊಂಡೇ ಇರ್ತದೆ, ಗಿಡ್ಡ ಆದ್ರೆ ಪೆಡಲ್ ಕೆಳಗೆ ಸಿಗ್ತದೆ. ಮೂರನೇದು, ಎಣ್ಣೆ ಹೊಸ ಸೀಲ್ ಬಾಟ್ಲಿ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಂತ ಇದ್ಯಾ 4 ಅಂತ ಇದ್ಯಾ (ಬ್ರೇಕ್ ಆಯಿಲ್‌ನ ದರ್ಜೆ ಅದು) ನೋಡಿ ಅದೇ ಹಾಕ್ಸಿ. ಓಪನ್ ಮಾಡಿ ಆರು ತಿಂಗಳು ಶೆಲ್ಫಲ್ಲಿದ್ದಿದ್ದು ಬೇಡ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮೇಲೆ ಲೋಡ್ ನೋಡ್ಕೊಂಡು ಹಿಂದಿನ ಬ್ರೇಕ್ ಜಾಸ್ತಿ ಕಮ್ಮಿ ಮಾಡೋ ಒಂದು ವಾಲ್ವ್ ಇರ್ತದೆ, ಅದ್ರಲ್ಲಿ ನಿಪ್ಪಲ್ ಇದ್ರೆ ಅಲ್ಲೂ ಏರ್ ತೆಗೀಬೇಕು, ಬಹಳ ಜನ ಮರೀತಾರೆ.

ಇನ್ನೊಂದು, ಹೆಸ್ರು ನೂರು ಬಾಕ್ಸು ಅಂತ ಇಟ್ಕೊಂಡಿದೀರಿ, ನಿಜ ಹೇಳಿ ಎಷ್ಟು ಹಾಕ್ತೀರಿ?

ನೂರು ಬಾಕ್ಸ್, ಕೋಲಾರ

ರೇಟ್ ಇದ್ದಾಗ ನೂರಿಪ್ಪತ್ತು ಅಣ್ಣಾ 🙏

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ಗೊತ್ತಿತ್ತು. ಬಾಕ್ಸಿಗೆ 15 ಕೆಜಿ ಅಂದ್ರೆ ನೂರಕ್ಕೇ ಒಂದೂವರೆ ಟನ್ ಮುಗೀತು, ನೂರಿಪ್ಪತ್ತಕ್ಕೆ 1,800 ಕೆಜಿ, ಖಾಲಿ ಬಾಕ್ಸಿನ ತೂಕ ಬೇರೆ, ಮೇಲೆ ಕೂತ್ಕೊಂಡು ಬರೋ ಇಬ್ರು ಬೇರೆ. ಇಳಿಯೋ ಪೆಡಲ್ ಇಟ್ಕೊಂಡು ಒಂದೂವರೆ ತಿಂಗಳು ಹಿಂಗೆ ಓಡ್ಸಿದೀರಿ. ನಿಮ್ಮ ಮನೆದೇವ್ರು ಯಾರು ಹೇಳಿ, ನಾನೂ ಒಂದು ಕಾಯಿ ಒಡೀತೀನಿ.

ನಂದಿ ನೋಡ್ದೋನು, ಚಿಕ್ಕಬಳ್ಳಾಪುರ

ಇಲ್ಲೇ ಕೇಳ್ಬೋದಾ, ಬೇರೆ ಪ್ರಶ್ನೆ ಆದ್ರೂ ಹತ್ರದ್ದೇ. ನಂದು ಸಣ್ಣ ಕಾರು, ಐದು ವರ್ಷ ಆಯ್ತು. ಹೋದ ಭಾನುವಾರ ನೆಂಟರನ್ನ ಕರ್ಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ದೆ, ಕಾರಲ್ಲಿ ಐದು ಜನ. ಇಳಿಯುವಾಗ ಮುಂದೆಲ್ಲಾ ಗಾಡಿ ಸಾಲು, ಬ್ರೇಕ್ ಮೇಲಿಂದ ಕಾಲೇ ತೆಗೆದಿಲ್ಲ ಅನ್ನಿ. ಕೆಳಗೆ ಬರೋಷ್ಟರಲ್ಲಿ ಪೆಡಲ್ ಹತ್ತಿ ಒತ್ತಿದ ಹಾಗೆ ಮೆತ್ತಗಾಗಿ ಕೆಳಗೆ ಹೋಯ್ತು, ಸುಟ್ಟ ವಾಸನೆ ಬೇರೆ. ಹ್ಯಾಂಡ್ ಬ್ರೇಕ್ ಎಳೆದು ಸೈಡಿಗೆ ಹಾಕ್ದೆ, ಕೈಕಾಲು ನಡುಗ್ತಿತ್ತು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಪೆಡಲ್ ಮಾಮೂಲಿ. ಮಾರನೇ ದಿನಾನೂ ಮಾಮೂಲಿ. ಸರ್ವೀಸ್‌ಗೆ ಬಿಟ್ರೆ "ಏನೂ ಪ್ರಾಬ್ಲಂ ಇಲ್ಲ" ಅಂತ ತೊಳೆದು ಕೊಟ್ರು. ಇದೂ ಮಾಸ್ಟರ್ರಾ?

ಕ್ಯಾತ್ಸಂದ್ರ ಕ್ಯೂ, ತುಮಕೂರು

ಅಲ್ಲ, ನಿಮ್ಮದು ಆಯಿಲ್ ಕುದ್ದಿದ್ದು. ಮಾಸ್ಟರ್ ಹೋಗಿದ್ರೆ ಮಾರನೇ ದಿನ ಮನೆ ಮುಂದೆ ನಿಂತಾಗಲೂ ಇಳೀತಿತ್ತು. ಐದು ವರ್ಷದಲ್ಲಿ ಬ್ರೇಕ್ ಆಯಿಲ್ ಒಂದು ಸಲಾನೂ ಬದಲಾಯಿಸಿರಲ್ಲ ಅಲ್ವಾ? ಹೊಸ ಡಾಟ್ 3 ಆಯಿಲ್ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4 ಆದ್ರೆ 230. ಅದೇ ಆಯಿಲ್ ತೇವ ಕುಡಿದ್ಮೇಲೆ ಲೆಕ್ಕ ಹಾಕೋದು 140 ಮತ್ತೆ 155ಕ್ಕೆ. ಅಷ್ಟು ಇಳಿಯುತ್ತೆ. ನಂದಿ 1,478 ಮೀಟರ್ ಎತ್ತರ, ಅಲ್ಲಿಂದ ಐದು ಜನ ಕೂರ್ಸ್ಕೊಂಡು ಬರೀ ಬ್ರೇಕ್ ಮೇಲೆ ಇಳಿದ್ರೆ ಡಿಸ್ಕ್ ಕಾದು, ಆ ಬಿಸಿ ಕ್ಯಾಲಿಪರ್‌ಗೆ ಹೋಗಿ, ಒಳಗಿನ ಆಯಿಲ್ ಆವಿ ಆಗುತ್ತೆ. ಆವಿನೂ ಗಾಳಿ ಥರಾನೇ, ಕುಗ್ಗುತ್ತೆ, ಪೆಡಲ್ ಹೋಗುತ್ತೆ. ತಣ್ಣಗಾದ್ಮೇಲೆ ಮತ್ತೆ ದ್ರವ ಆಗುತ್ತೆ, ಅದಕ್ಕೇ ಸರ್ವೀಸ್‌ನವ್ರಿಗೆ ಸಿಗ್ಲಿಲ್ಲ. ಸುಟ್ಟ ವಾಸನೆ ಪ್ಯಾಡ್‌ದು, ಪ್ಯಾಡ್ ಕಾದು ಹಿಡಿತ ಹೋದ್ರೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ನಿಮಗೆ ಪೆಡಲ್ಲೇ ಕೆಳಗೆ ಹೋಯ್ತು ಅಂದ್ರೆ ಆಯಿಲ್‌ದೇ.

ಆಯಿಲ್ ಪೂರ್ತಿ ಬದಲಾಯಿಸಿ, ಪ್ಯಾಡ್ ಬಿಚ್ಚಿಸಿ ಮೇಲೆ ಗಾಜಿನಂಗೆ ಹೊಳೀತಿದ್ಯಾ ನೋಡ್ಸಿ. ಮುಂದಿನ ಸಲ ಹತ್ತುವಾಗ ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ಎರಡನೇದೋ ಒಂದನೇದೋ. ಹಿಂದಿನವ್ನು ಹಾರ್ನ್ ಹೊಡೆದ್ರೆ ಹೊಡ್ಕೊಳ್ಲಿ.

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ತುಮಕೂರಣ್ಣ ಸರಿಯಾಗಿ ಹೇಳವ್ರೆ. ಒಂದು ಸೇರಿಸ್ತೀನಿ, ಕ್ಯಾಲಿಪರ್ ಪಿನ್ ಜಾಮ್ ಆಗಿ ಒಂದು ಕಡೆ ಬ್ರೇಕ್ ಹಿಡ್ಕೊಂಡೇ ಇದ್ರೂ ಅದೊಂದೇ ಚಕ್ರ ಕಾದು ಹಿಂಗೇ ಆಗ್ತದೆ, ಬೆಟ್ಟಾನೂ ಬೇಡ. ಹತ್ತು ಕಿಲೋಮೀಟರ್ ಸುಮ್ನೆ ಓಡ್ಸಿ ನಿಲ್ಸಿ ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ, ಮುಟ್ಬೇಡಿ, ಹತ್ರ ಹಿಡೀರಿ ಸಾಕು. ಒಂದು ಮಾತ್ರ ಒಲೆ ಥರ ಇದ್ರೆ ಅದನ್ನ ಬಿಚ್ಚಿಸಿ.

ನೂರು ಬಾಕ್ಸ್, ಕೋಲಾರ

ಎಲ್ರಿಗೂ ಅಪ್‌ಡೇಟ್. ನಾಲ್ಕು ದಿನ ಗಾಡಿ ನಿಲ್ಸಿದ್ದೆ, ಚಿಕ್ಕಪ್ಪನ ಗಾಡೀಲಿ ಮಾಲು ಹಾಕಿದ್ವಿ. ಬೇರೆ ಗ್ಯಾರೇಜಿಗೆ ಹೋದೆ, ಇಲ್ಲಿ ಬರೆದಿದ್ದೆಲ್ಲಾ ಮೊಬೈಲಲ್ಲಿ ತೋರಿಸ್ದೆ. ಮೇಸ್ತ್ರಿ ಮೊದ್ಲು ಮುಖ ಗಂಟಿಕ್ಕಿದ್ರು, ಆಮೇಲೆ ಓದಿ "ಇದನ್ನ ಬರೆದೋನಿಗೆ ಕೆಲ್ಸ ಗೊತ್ತು" ಅಂದ್ರು.

ಅವ್ರು ಸುಮ್ನೆ ಒಪ್ಕೊಳ್ಲಿಲ್ಲ, ಇನ್ನೊಂದು ಟೆಸ್ಟ್ ಮಾಡಿದ್ರು. ಮುಂದಿನ ಎರಡು ಹೋಸ್ ಪೈಪ್, ಹಿಂದಿನ ಒಂದು, ಮೂರಕ್ಕೂ ರಬ್ಬರ್ ಸುತ್ತಿದ ಕ್ಲ್ಯಾಂಪ್ ಹಾಕಿ ಮುಚ್ಚಿಬಿಟ್ರು. "ಈಗ ಎಣ್ಣೆ ಚಕ್ರಕ್ಕೆ ಹೋಗಂಗಿಲ್ಲ, ಈಗ್ಲೂ ಇಳಿದ್ರೆ ಕಳ್ಳ ಮನೆ ಒಳಗೇ ಅವ್ನೆ" ಅಂದ್ರು. ಒತ್ತಿದ್ರೆ ಇಳೀತು. ಹೋಸ್ ಒಣಗಿ ಬಿರುಕು ಬಿಟ್ಟಿದ್ರೆ ಈ ಟೆಸ್ಟ್ ಮಾಡ್ಬಾರ್ದಂತೆ, ಪೈಪ್ ಒಳಗಡೆ ಹರಿಯುತ್ತಂತೆ.

ಹಳೇ ಮಾಸ್ಟರ್ ಬಿಚ್ಚಿ ಪಿಸ್ಟನ್ ಎಳೆದು ನನ್ ಕೈಗೇ ಕೊಟ್ರು. ಕಪ್ಪಿನ ತುಟೀಲಿ ಒಂದು ಕಡೆ ಅಕ್ಕಿ ಕಾಳಿನ ತುದಿ ಅಷ್ಟು ಕಿತ್ಕೊಂಡು ಬಂದಿತ್ತು, ಅಷ್ಟೇ. ಅಷ್ಟಕ್ಕೇ ಇಷ್ಟು ಕಥೆ. ಒಳಗೆ ಟಾರ್ಚ್ ಬಿಟ್ರೆ ಮುಕ್ಕಾಲು ದೂರದವರೆಗೂ ಪಳಪಳ, ಆಮೇಲೆ ಕಾಫಿ ಲೋಟದ ತಳದಂಗೆ ಕಂದು ಬಳೆ, ಬೆರಳು ಹಾಕಿದ್ರೆ ಗರಗರ. ಚಿಂತಾಮಣಿ ಅಣ್ಣ ನೋಡ್ದೇನೇ ಹೇಳಿದ್ದು. ಆ ಕಪ್ಪು ಇಟ್ಕೊಂಡಿದೀನಿ, ಡ್ಯಾಶ್‌ಬೋರ್ಡ್ ಮೇಲೆ ಗಣೇಶನ ಪಕ್ಕ.

ಮಾಸ್ಟರ್ ಹೊಸದು, ಹಿಂದಿನ ವೀಲ್ ಸಿಲಿಂಡರ್ ಎರಡೂ ಹೊಸದು, ಆಯಿಲ್ ಹೊಸದು. ಎಡಗಡೆ ಶೂಗೆ ಎಣ್ಣೆ ತಾಗಿರ್ಲಿಲ್ಲ, ಉಳೀತು. ಎಲ್ಲಾ ಸೇರಿ ಬೂಸ್ಟರ್‌ಗೆ ಹೇಳಿದ್ದ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯ್ತು.

ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಎಲ್ಲಾ ಹಾಕಿ ಏರ್ ತೆಗೆದ್ಮೇಲೆ ಇಳಿಯೋದು ನಿಂತೋಯ್ತು, ಹಗುರಾಗಿ ಎರಡು ನಿಮಿಷ ಹಿಡ್ದೆ ಅಲ್ಲಾಡ್ಲಿಲ್ಲ, ಆದ್ರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಸಿಗ್ತಿತ್ತು, ಎರಡನೇ ಸಲ ಒತ್ತಿದ್ರೆ ಮೇಲೆ. ನಂಗೆ ಎದೆ ಧಸಕ್ ಅಂತು, ಮತ್ತೆ ಏರ್ ಅಂತಾರೇನೋ ಅಂತ. ಮೇಸ್ತ್ರಿ ಹ್ಯಾಂಡ್ ಬ್ರೇಕ್ ಎಳೆದು "ಈಗ ಒತ್ತು" ಅಂದ್ರು. ಒತ್ತಿದ್ರೆ ಮೇಲೇ ಸಿಕ್ತು, ಗಟ್ಟಿಯಾಗಿ. ಹ್ಯಾಂಡ್ ಬ್ರೇಕ್ ಶೂನ ಡ್ರಮ್ ಹತ್ರ ತಂದಿರುತ್ತೆ, ಆಗ ಪೆಡಲ್ ಸರಿ ಹೋದ್ರೆ ಶೂ ಗ್ಯಾಪೇ ಕಾರಣ ಅಂತ ಅವ್ರ ಲೆಕ್ಕ. ನೋಡಿದ್ರೆ ಎರಡು ತಿಂಗಳ ಹಿಂದೆ ಹೊಸ ಶೂ ಹಾಕಿದೋರು ಗ್ಯಾಪ್ ಸರಿ ಮಾಡೋ ಅಡ್ಜಸ್ಟರ್ ತಿರುಗ್ಸೇ ಇರ್ಲಿಲ್ಲ! ಡ್ರಮ್ ಹಾಕಿ ಮುಚ್ಚಿ ಕಳ್ಸಿದಾರೆ. ಮೇಸ್ತ್ರಿ ಸ್ಕ್ರೂ ಡ್ರೈವರ್ ಹಾಕಿ ಹಲ್ಲಿನ ಚಕ್ರ ಟಿಕ್ ಟಿಕ್ ಅಂತ ತಿರುಗ್ಸಿ, ಚಕ್ರ ಕೈಯಲ್ಲಿ ತಿರುಗ್ಸಿದ್ರೆ ಶೂ ಸರ್ರ್ ಅಂತ ಸವರೋ ಹಾಗೆ ಮಾಡಿ, ಅಲ್ಲಿಂದ ಒಂಚೂರು ಹಿಂದಕ್ಕೆ ಬಿಟ್ರು. ಎರಡೂ ಕಡೆ ಮಾಡಿದ್ಮೇಲೆ ಪೆಡಲ್ ಮೇಲ್ಗಡೆ ಎರಡು ಬೆರಳಿಗೇ ಸಿಗ್ತಿದೆ.

ಚಿಂತಾಮಣಿ ಹತ್ತೊಂಬತ್ತರ ಸ್ಪ್ಯಾನರ್

ಆ ಮೇಸ್ತ್ರೀನ ಬಿಡ್ಬೇಡಿ. ಹ್ಯಾಂಡ್ ಬ್ರೇಕ್ ಮಾತು ನಾನೇ ಮೊದ್ಲು ಹೇಳ್ಬೇಕಿತ್ತು, ಇಳಿಯೋದ್ರ ಮೇಲೇ ಗಮನ ಹೋಗಿ ಮರ್ತೆ. ಒಂದು ವಾರ ಓಡ್ಸಿದ್ಮೇಲೆ ಪೈಪ್ ನಟ್‌ಗಳ ಹತ್ರ, ನಾಲ್ಕೂ ನಿಪ್ಪಲ್ ಹತ್ರ ಒಣ ಬಟ್ಟೆ ಹಾಕಿ ಒರೆಸಿ ನೋಡಿ, ಡಬ್ಬಿ ಮೇಲೆ ಪೆನ್ನಲ್ಲಿ ಗೆರೆ ಎಳ್ಕೊಳಿ. ಹೊಸ ಸಾಮಾನು ಅಂತ ಕಣ್ ಮುಚ್ಕೋಬೇಡಿ.

ಮಾಲೂರು ಮೈಲೇಜ್

ನಾನು ನೂರಕ್ಕೆ ನೂರು ಏರ್ ಅಂದಿದ್ದೆ, ವಾಪಸ್ ತಗೊಂಡೆ 😅 ನಾಳೆ ನನ್ ಗಾಡಿ ಡಬ್ಬಿಗೂ ಟಾರ್ಚ್ ಬಿಡ್ತೀನಿ.

ನೂರು ಬಾಕ್ಸ್, ಕೋಲಾರ

ಗೆರೆ ಎಳೆದಿದೀನಿ ಅಣ್ಣಾ. ಇವತ್ತು ಬೆಳಿಗ್ಗೆ ಅಪ್ಪ ಓಡ್ಸಿದ್ರು, ಅವ್ರಿಗೆ ಹೇಳಿರ್ಲಿಲ್ಲ. ಗೇಟ್ ಹತ್ರ ಅಭ್ಯಾಸದಂತೆ ಎರಡು ಸಲ ಪಂಪ್ ಮಾಡಿ ಮೂರನೇದು ಜೋರಾಗಿ ತುಳಿದ್ರು, ಗಾಡಿ ಗಕ್ ಅಂತ ನಿಂತು ಮೇಲಿನ ಸಾಲಿನ ಮೂರು ಬಾಕ್ಸ್ ಕ್ಯಾಬಿನ್ ಮೇಲೆ ಬಿದ್ವು. ಈಗ ಬ್ರೇಕ್ ಕೆಟ್ಟೋಗಿದೆ, ಗ್ಯಾರೇಜಿಗೆ ಬಿಡು ಅಂತಿದಾರೆ.